ಸಾಲ ತೀರದಿದ್ದರೆ ಮನೆ ಹೋಗುತ್ತಾ?

ಅವತ್ತು ರಾತ್ರಿ ಕಾರ್ಯಕ್ರಮ ಮುಗಿಸಿ, ಮೈಕ್ ತೆಗೆದಿಟ್ಟು ಸ್ಟುಡಿಯೋದಿಂದ ಹೊರಗೆ ಬರ್ತಿದ್ದೆ. ಡೆಸ್ಕಿನ ಹುಡುಗ ಫೋನ್ ಹಿಡ್ಕೊಂಡು ನಿಂತಿದ್ದ. 'ಸರ್, ನಂದಿಗುಡಿಯಿಂದ ಒಬ್ರು ಅಮ್ಮ. ಮೂರು ಸಲ ಮಾಡಿದ್ದಾರೆ. ನಿಮ್ಮ ಹತ್ರಾನೇ ಮಾತಾಡಬೇಕಂತೆ.'

ನಂದಿಗುಡಿ ಅಂದ್ರೆ ಹರಿಹರ ತಾಲ್ಲೂಕು. ನಾನು ಬೆಳೆದು ಓದಿದ್ದೆಲ್ಲ ದಾವಣಗೆರೆಯಲ್ಲಿ. ಆ ಕಡೆ ಊರುಗಳ ಹುಡುಗರು ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಇದ್ದರು. ಫೋನ್ ತಗೊಂಡೆ.

'ತಮ್ಮಾ, ಕೋರ್ಟಿನ ಅಮೀನ ಬಂದು ಹೋದ. ಮನೆ ಜಪ್ತಿ ಆಗ್ತೈತಿ ಅಂದ. ಸಾಲ ಮಾಡಿದ್ದು ನಿಜ ಐತಿ, ಸುಳ್ಳು ಹೇಳಲ್ಲ. ಮಗಳ ಮದುವೆಗೆ ಮಾಡಿದ್ವಿ. ಆದ್ರೆ ಇರಾದು ಇದೊಂದೇ ಮನೆ. ಇದನ್ನೂ ಕಸ್ಕೊಂಡ್ರೆ ನಾವು ಎಲ್ಲಿಗೆ ಹೋಗಾದು? ಹಂಗೆ ಮಾಡಕ್ಕೆ ಕಾನೂನಲ್ಲಿ ಬರ್ತೈತಾ?'

ವೀಕ್ಷಕರೇ, ಆ ಕೊನೇ ಪ್ರಶ್ನೆ ಇದೆಯಲ್ಲ, ಅದು ಈ ರಾಜ್ಯದ ಲಕ್ಷಾಂತರ ಮನೆಗಳ ಪ್ರಶ್ನೆ. ಉತ್ತರ 'ಹೌದು' ಅಂತಲೂ ಇಲ್ಲ, 'ಇಲ್ಲ' ಅಂತಲೂ ಇಲ್ಲ. ನಾನು ಆ ಅಮ್ಮನಿಗೆ ಮೂರು ಪ್ರಶ್ನೆ ಕೇಳಿದೆ. ಉತ್ತರ ನಿಂತಿರೋದು ಆ ಮೂರರ ಮೇಲೆ.

ಒಂದು: ಸಾಲ ತಗೊಳ್ಳುವಾಗ ಮನೆ ಪತ್ರ ಅಡ ಇಟ್ಟಿದ್ರಾ? 'ಇಲ್ಲಪ್ಪ, ನೋಟ್ ಬರ್ಕೊಟ್ಟಿದ್ವಿ.' ಎರಡು: ಜೀವನಕ್ಕೆ ಏನು ಮಾಡ್ತೀರಿ? 'ಎರಡು ಎಕರೆ ಭತ್ತ. ನಾಟಿ ಟೈಮಲ್ಲಿ ಕೂಲಿಗೂ ಹೋಗ್ತೀವಿ.' ಮೂರು: ಆ ಮನೆಯಲ್ಲಿ ಯಾರಿದ್ದಾರೆ? 'ನಾವೇ ಇದ್ದೀವಿ, ಇನ್ಯಾರಿರ್ತಾರೆ?'

'ಅಮ್ಮ, ಹಾಗಿದ್ರೆ ನಿಮ್ಮ ಮನೆಗೆ ಕಾನೂನಿನ ರಕ್ಷಣೆ ಇದೆ. ಆದ್ರೆ ಅದನ್ನ ನೀವೇ ಹೋಗಿ ಕೇಳಬೇಕು. ತಡ ಮಾಡಬೇಡಿ' ಅಂದೆ. ಯಾಕೆ ಹಾಗಂದೆ ಅನ್ನೋದನ್ನ ಬಿಡಿಸಿ ಹೇಳ್ತೀನಿ.

ನಮ್ಮ ದೇಶದಲ್ಲಿ ಸಿವಿಲ್ ಕೋರ್ಟ್‌ಗಳು ನಡೆಯೋದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಅದರ 60ನೇ ಕಲಂ ಹೇಳೋದು ಇಷ್ಟು: ಸಾಲ ವಸೂಲಿಗೆ ಡಿಕ್ರಿ ಆದಮೇಲೆ ಸಾಲಗಾರನ ಆಸ್ತಿ ಜಪ್ತಿ ಮಾಡಬಹುದು, ಹರಾಜು ಹಾಕಬಹುದು. ಆದರೆ ಕೆಲವು ವಸ್ತುಗಳನ್ನ ಮುಟ್ಟೋ ಹಾಗಿಲ್ಲ. ಆ ಪಟ್ಟಿ ಓದಿದರೆ ಒಂದು ಬಡ ಸಂಸಾರವೇ ಕಣ್ಮುಂದೆ ಬರುತ್ತೆ. ಗಂಡ, ಹೆಂಡತಿ, ಮಕ್ಕಳ ಉಡೋ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ನಮ್ಮಲ್ಲಿ ಕೊರಳ ತಾಳಿ. ಕುಶಲಕರ್ಮಿಯ ಉಪಕರಣ. ರೈತನಾದರೆ ಅವನ ನೇಗಿಲು, ಎತ್ತು, ಬಿತ್ತನೆ ಬೀಜ. ಸಂಬಳದಾರನಾದರೆ ಸಂಬಳದ ಒಂದು ಪಾಲು, ಪಿಎಫ್ ಹಣ, ಜೀವ ವಿಮೆ ಹಣ.

ಅದೇ ಪಟ್ಟಿಯಲ್ಲಿ ಒಂದು ಮನೆಯೂ ಇದೆ. ರೈತನ, ಕೂಲಿಕಾರನ ಅಥವಾ ಮನೆಗೆಲಸದವರ ಸ್ವಂತ ಮನೆ, ಅವರು ಅದರಲ್ಲಿ ವಾಸ ಇದ್ದರೆ, ಜಪ್ತಿ ಆಗಲ್ಲ. ಗೋಡೆ, ಹೆಂಚು ಮಾತ್ರ ಅಲ್ಲ. ಮನೆಯ ಜಾಗ, ಅದಕ್ಕೆ ಹೊಂದಿಕೊಂಡು ಬಳಕೆಗೆ ಬೇಕಾದ ಹಿತ್ತಿಲು, ಅಂಗಳ ಎಲ್ಲಾ ಸೇರಿ.

ಇದು ಯಾರೋ ದಯೆ ತೋರಿಸಿ ಕೊಟ್ಟಿದ್ದಲ್ಲ. 1875ರಲ್ಲಿ ಪುಣೆ, ಅಹ್ಮದ್‌ನಗರ ಕಡೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನ ಸುಟ್ಟರು. ಚರಿತ್ರೆಯಲ್ಲಿ ಅದಕ್ಕೆ ಡೆಕ್ಕನ್ ದಂಗೆ ಅಂತ ಹೆಸರು. ಬ್ರಿಟಿಷರು ಬೆಚ್ಚಿಬಿದ್ದು 1879ರಲ್ಲಿ ಡೆಕ್ಕನ್ ಕೃಷಿಕರ ಪರಿಹಾರ ಕಾಯ್ದೆ ತಂದರು. ಹಳೇ 1882ರ ಸಂಹಿತೆಯಲ್ಲೂ ರೈತನ ಮನೆಗೆ ರಕ್ಷಣೆ ಇತ್ತು. ಕೂಲಿಕಾರರನ್ನೂ ಮನೆಗೆಲಸದವರನ್ನೂ ಆ ಸಾಲಿಗೆ ಸೇರಿಸಿದ್ದು 1976ರ ತಿದ್ದುಪಡಿ. ಅಂದ್ರೆ ನೂರು ವರ್ಷದ ಮೇಲೆ.

ಹಾಗಾದ್ರೆ ರೈತ ಅಂದ್ರೆ ಯಾರು? ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ರೈತ ಆಗಲ್ಲ. ಭೂಮಿಯನ್ನ ಸ್ವತಃ ಸಾಗುವಳಿ ಮಾಡಬೇಕು, ಜೀವನ ಮುಖ್ಯವಾಗಿ ಆ ಆದಾಯದ ಮೇಲೇ ನಡೀಬೇಕು. ಸ್ವತಃ ಅಂದ್ರೆ ತಾನು ದುಡಿಯಬಹುದು, ಮನೆಯವರು ದುಡಿಯಬಹುದು, ಕೂಲಿ ಕೊಟ್ಟು ಆಳಿನಿಂದ ಮಾಡಿಸಬಹುದು. ಆದ್ರೆ ಗದ್ದೆಯನ್ನ ಪಾಲಿಗೆ ಕೊಟ್ಟು, ತಾನು ದಾವಣಗೆರೆಯಲ್ಲಿ ಅಂಗಡಿ ಇಟ್ಕೊಂಡು ಕೂತವನಿಗೆ ಈ ರಕ್ಷಣೆ ಸಿಗಲ್ಲ. ಊರಿನ ಮನೆಯಲ್ಲಿ ವಾಸ ಇದ್ದು, ಪೇಟೆಯಲ್ಲೊಂದು ಮನೆ ಬಾಡಿಗೆಗೆ ಬಿಟ್ಟಿದ್ದರೆ, ಊರಿನ ಮನೆ ಉಳಿಯುತ್ತೆ, ಬಾಡಿಗೆ ಮನೆ ಉಳಿಯಲ್ಲ. ಇನ್ನೊಂದು ಮಾತು ಮರೀಬೇಡಿ. ಈ ಕಲಂ ಉಳಿಸೋದು ಮನೆಯನ್ನ. ಗದ್ದೆಯನ್ನ ಅಲ್ಲ. ಗದ್ದೆ ಜಪ್ತಿಗೆ ಬರಬಹುದು.

ಈಗ ಎಲ್ಲರೂ ಮಾಡೋ ತಪ್ಪಿಗೆ ಬರ್ತೀನಿ. ಅಮೀನ ಬಂದ, ನೋಟಿಸ್ ಅಂಟಿಸಿದ, ಹೋದ. ಮನೆಯವರು ಬಾಗಿಲು ಹಾಕ್ಕೊಂಡು ಅಳ್ತಾ ಕೂರ್ತಾರೆ. ಇಲ್ಲಾ ಊರಿನ ದೊಡ್ಡವರ ಕಾಲಿಗೆ ಬೀಳ್ತಾರೆ. ಕೋರ್ಟಿಗೆ ಮಾತ್ರ ಹೋಗಲ್ಲ! ಕೋರ್ಟಿಗೆ ನೀವು ರೈತರು ಅನ್ನೋದು ತಾನಾಗೇ ಗೊತ್ತಾಗಲ್ಲ. ಸಾಲ ಕೊಟ್ಟವನು ಹೇಳಲ್ಲ. ನೀವೇ ಹೇಳಬೇಕು. ಡಿಕ್ರಿ ಅಮಲ್ಜಾರಿ ನಡೀತಿರೋ ಅದೇ ಕೋರ್ಟಿನಲ್ಲಿ 47ನೇ ಕಲಂ ಪ್ರಕಾರ ತಕರಾರು ಅರ್ಜಿ ಹಾಕಿ, 'ಇದು 60ನೇ ಕಲಮಿನಲ್ಲಿ ರಕ್ಷಣೆ ಇರುವ ಮನೆ' ಅನ್ನಬೇಕು. ಪಹಣಿ, ಬೆಳೆ ಮಾರಿದ ಚೀಟಿ, ಸಹಕಾರ ಸಂಘದ ಬೆಳೆಸಾಲದ ಪುಸ್ತಕ, ಮನೆಯ ಇ-ಸ್ವತ್ತು, ಕರೆಂಟ್ ಬಿಲ್, ರೇಷನ್ ಕಾರ್ಡ್ ತೋರಿಸಬೇಕು. ಹರಾಜಿಗೆ ಮೊದಲು ಇದನ್ನ ಮಾಡಿದರೆ ಬಲ ಇರುತ್ತೆ. ಹರಾಜಾಗಿ, ಅದು ಖಾಯಂ ಆದಮೇಲೆ ಹೋಗಿ 'ನಾನು ರೈತ' ಅಂದ್ರೆ ಕೋರ್ಟ್ ಕೇಳೋದು ತೀರಾ ಕಷ್ಟ.

ಅಕಸ್ಮಾತ್ ಹರಾಜು ನಡೆದೇ ಹೋಯ್ತು ಅಂತಿಟ್ಕೊಳ್ಳಿ. ಆಗಲೂ 60 ದಿನ ಇರುತ್ತೆ. ಹರಾಜು ಪ್ರಕಟಣೆಯಲ್ಲಿ ತೋರಿಸಿದ ಬಾಕಿಯನ್ನ ಕಟ್ಟಿ, ಅದರ ಜೊತೆ ಕೊಂಡವನಿಗಾಗಿ ಅವನು ಕೊಟ್ಟ ಬೆಲೆಯ ಶೇಕಡ 5ರಷ್ಟು ಕಟ್ಟಿದರೆ ಹರಾಜು ರದ್ದು ಮಾಡಿಸಬಹುದು.

ಕೆಲವರು ಜಾಣರಿದ್ದಾರೆ. ಸಾಲ ಕೊಡುವಾಗಲೇ ಪತ್ರದಲ್ಲಿ ಒಂದು ಸಾಲು ಬರೆಸ್ಕೊತಾರೆ. 'ನನಗೆ ಕಾನೂನಿನಲ್ಲಿರುವ ರಿಯಾಯಿತಿ ಬೇಡ, ಮನೆ ಜಪ್ತಿ ಮಾಡಿದರೂ ತಕರಾರಿಲ್ಲ' ಅಂತ. ಹೆದರಬೇಡಿ. 60ನೇ ಕಲಮಿನ ರಕ್ಷಣೆಯನ್ನ ಬಿಟ್ಟುಕೊಡ್ತೀನಿ ಅಂತ ಮಾಡಿಕೊಂಡ ಒಪ್ಪಂದ ಅಸಿಂಧು ಅಂತ ಅದೇ ಕಲಂ ಹೇಳುತ್ತೆ. ನೀವು ಹೆಬ್ಬೆಟ್ಟು ಒತ್ತಿದ್ದರೂ ಅಷ್ಟೇ.

ಇಷ್ಟು ಕೇಳಿ 'ಅಬ್ಬಾ, ಮನೆ ಉಳೀತು' ಅಂದ್ಕೊಂಡ್ರಾ? ಸ್ವಲ್ಪ ತಡೀರಿ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಹೀಗೆ ಹೇಳ್ತೀನಿ. ಮನೆಯ ಫ್ಯೂಸ್ ಯಾವ ಲೈನಿನಲ್ಲಿದೆಯೋ ಆ ಲೈನನ್ನ ಮಾತ್ರ ಕಾಯುತ್ತೆ. ಫ್ಯೂಸ್ ಬಿಟ್ಟು ನೇರ ಕಂಬದಿಂದ ವೈರ್ ಎಳೆದರೆ ಅದು ಏನೂ ಮಾಡಲ್ಲ. ಈ ರಕ್ಷಣೆಯೂ ಹಾಗೇ. ಕೈಸಾಲ, ನೋಟಿನ ಸಾಲ, ಚೀಟಿ ಬಾಕಿ, ಅಂಗಡಿ ಉದ್ರಿ, ಇಂಥವಕ್ಕೆ ಇದು ಕೆಲಸ ಮಾಡುತ್ತೆ. ನೀವೇ ಬ್ಯಾಂಕಿಗೆ ಹೋಗಿ ಮನೆ ಪತ್ರ ಅಡಮಾನ ಇಟ್ಟಿರಿ ಅಂದ್ರೆ ನೀವೇ ಫ್ಯೂಸ್ ತೆಗೆದು ಬೇರೆ ವೈರ್ ಎಳೆದ ಹಾಗೆ.

ಅಡಮಾನದ ಮನೆಗೆ 2002ರ ಸರ್ಫೇಸಿ ಕಾಯ್ದೆ ಬರುತ್ತೆ. ಇದರಲ್ಲಿ ಬ್ಯಾಂಕ್ ದಾವೆ ಹಾಕಿ ಡಿಕ್ರಿ ತರೋ ಅಗತ್ಯವೇ ಇಲ್ಲ. 60ನೇ ಕಲಮಿನ ರಕ್ಷಣೆಯನ್ನ ಈ ಕಾಯ್ದೆಯೂ ಒಪ್ಪುತ್ತೆ. ಆದ್ರೆ ಆ ಸಾಲಕ್ಕೆ ಅಂತಲೇ ಬರೆದುಕೊಟ್ಟ ಆಸ್ತಿಯನ್ನ ಅದರಿಂದ ಹೊರಗಿಟ್ಟಿದೆ. ಹಾಗಾಗಿ ಅಡ ಇಟ್ಟ ಮನೆ ರೈತನದ್ದಾದ್ರೂ ಹೋಗಬಹುದು. ತಮಾಷೆ ನೋಡಿ, ಕೃಷಿ ಭೂಮಿಯ ಮೇಲೆ ಸರ್ಫೇಸಿ ನಡೆಯಲ್ಲ, ಗದ್ದೆ ವಿಷಯಕ್ಕೆ ಬ್ಯಾಂಕ್ ಬೇರೆ ದಾರಿ ಹಿಡೀಬೇಕು. ಅಂದ್ರೆ ಕೋರ್ಟ್ ಡಿಕ್ರಿಯಲ್ಲಿ ಮನೆಗೆ ರಕ್ಷಣೆ, ಗದ್ದೆಗಿಲ್ಲ. ಸರ್ಫೇಸಿಯಲ್ಲಿ ಗದ್ದೆಗೆ ರಕ್ಷಣೆ, ಅಡ ಇಟ್ಟ ಮನೆಗಿಲ್ಲ!

ಸರ್ಫೇಸಿಯಲ್ಲಿ ದಿನಗಳ ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ. ಕಂತು ನಿಂತು 90 ದಿನ ದಾಟಿದರೆ ಖಾತೆ ಎನ್‌ಪಿಎ. ಆಮೇಲೆ ಬ್ಯಾಂಕಿನ ಮೊದಲ ನೋಟಿಸ್, ಕಟ್ಟೋಕೆ 60 ದಿನ. ಆ ಅವಧಿಯಲ್ಲಿ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ, ಅದನ್ನ ಒಪ್ಪದಿದ್ದರೆ ಯಾಕೆ ಅಂತ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಬೇಕು. 60 ದಿನ ಮುಗಿದರೆ ಸ್ವಾಧೀನದ ನೋಟಿಸ್. ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಹರಿಹರದ ಸಿವಿಲ್ ಕೋರ್ಟಿಗೆ ಈ ವಿಷಯ ಮುಟ್ಟೋ ಅಧಿಕಾರ ಇಲ್ಲ. ನ್ಯಾಯಮಂಡಳಿ ಇರೋದು ಬೆಂಗಳೂರಿನಲ್ಲಿ. ಮನೆ ಉಳಿಸ್ಕೊಳ್ಳೋಕೆ ಹೊರಟವನು ಮೊದಲು ಬಸ್ ಚಾರ್ಜ್ ಹೊಂದಿಸಬೇಕು.

ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸ್ಕೊಳ್ಳೋ ಹಕ್ಕು ಎಲ್ಲಿಯವರೆಗೆ? ಮೊದಲೆಲ್ಲಾ ಹರಾಜಿನ ದಿನದ ತನಕ ಅಂತ ಜನ ನಂಬಿದ್ದರು. 2016ರಲ್ಲಿ ಕಾಯ್ದೆ ತಿದ್ದಿದರು. 2023ರ ಸೆಪ್ಟೆಂಬರ್‌ನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು: ಹರಾಜು ಪ್ರಕಟಣೆ ಹೊರಬಿದ್ದ ದಿನವೇ ಆ ಹಕ್ಕು ಮುಗೀತು. ಪೇಪರಿನಲ್ಲಿ ಪ್ರಕಟಣೆ ನೋಡಿ ದುಡ್ಡು ಹೊಂದಿಸೋಕೆ ಓಡಾಡೋರಿಗೆ ಇದು ಗೊತ್ತೇ ಇರಲ್ಲ. ಇನ್ನೊಂದು, ಹರಾಜಿನ ಹಣದಲ್ಲಿ ಸಾಲ, ಖರ್ಚು ಕಳೆದು ಉಳಿದದ್ದು ಮನೆ ಮಾಲೀಕನದ್ದು. 30 ಲಕ್ಷಕ್ಕೆ ಮನೆ ಹೋಗಿ, ಬಾಕಿ ಮತ್ತು ಖರ್ಚು 18 ಲಕ್ಷ ಇದ್ದರೆ 12 ಲಕ್ಷ ನಿಮ್ಮ ಹಕ್ಕು. ಲೆಕ್ಕ ಕೇಳಿ.

ಇಲ್ಲಿ ನನ್ನ ಮನೆಯ ಕಥೆ ಹೇಳಲೇಬೇಕು. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪನ ಹೆಸರಿಗೆ ಒಂದು ನೋಟಿಸ್ ಬಂತು. ಅಪ್ಪನಿಗೆ ದಾವಣಗೆರೆಯಲ್ಲಿ ಸಣ್ಣ ಬಟ್ಟೆ ಅಂಗಡಿ. ಅವರು ಸಾಲ ಮಾಡಿರಲಿಲ್ಲ. ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು. ಸ್ನೇಹಿತರು ಊರು ಬಿಟ್ಟಿದ್ದರು. 'ನಾನು ಬರೀ ಸಾಕ್ಷಿಗೆ ಸಹಿ ಮಾಡಿದ್ದು' ಅಂತ ಅಪ್ಪ ಹೇಳ್ತಾನೇ ಇದ್ದರು. ಕಾನೂನು ಹಾಗೆ ಹೇಳಲ್ಲ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅಮ್ಮ ಆ ನೋಟಿಸನ್ನ ದೇವರ ಮನೆಯಲ್ಲಿ, ಫೋಟೋ ಹಿಂದೆ ಇಟ್ಟಿದ್ದಳು. ವಕೀಲರು ಕೇಳಿದ ಮೊದಲ ಪ್ರಶ್ನೆ, 'ನೀವು ರೈತರಾ?' 'ಅಲ್ಲ.' 'ಕೂಲಿನಾ?' 'ಅಲ್ಲ, ಅಂಗಡಿ.' ವಕೀಲರು ಪುಸ್ತಕ ಮುಚ್ಚಿಟ್ಟರು. ತಂಗಿಯ ಮದುವೆಗೆ ಅಂತ ಇಟ್ಟಿದ್ದ ಸೈಟು ಮಾರಿ ಮನೆ ಉಳಿಸಿಕೊಂಡೆವು. ಸೈಟು ಇಲ್ಲದಿದ್ದರೆ?

ಈ ಪ್ರಶ್ನೆ ಇವತ್ತಿಗೂ ನನ್ನನ್ನ ಬಿಟ್ಟಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಂತು ದುಡಿಯೋ ಕೂಲಿಕಾರನ ಮನೆಗೆ ಕಾನೂನಿನ ರಕ್ಷಣೆ ಇದೆ. ಇರಲೇಬೇಕು. ಆದ್ರೆ ಅವನ ಪಕ್ಕದ ಮನೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟವನು, ಕಿರಾಣಿ ಅಂಗಡಿಯವನು, ಖಾಸಗಿ ಶಾಲೆಯ ಮೇಡಂ, ಪೆನ್ಶನ್ ಇಲ್ಲದೆ ರಿಟೈರ್ ಆದ ಗುಮಾಸ್ತ? ಇವರ ಇರೋದೊಂದು ಮನೆಗೆ ಕರ್ನಾಟಕದಲ್ಲಿ ಇಂಥ ರಕ್ಷಣೆ ಇಲ್ಲ. ಕೈಸಾಲದ ಡಿಕ್ರಿಗೂ ಮನೆ ಹೋಗಬಹುದು.

ಎಲ್ಲಾ ಕಡೆ ಹೀಗೇ ಅಂತ ತಿಳ್ಕೋಬೇಡಿ. ಪಂಜಾಬ್, ಹರಿಯಾಣಗಳಲ್ಲಿ ಇದೇ 60ನೇ ಕಲಮಿಗೆ ರಾಜ್ಯದ ತಿದ್ದುಪಡಿ ಇದೆ. ರೈತನಲ್ಲದವನಿಗೂ ಅವನು ವಾಸ ಇರೋ ಒಂದು ಮುಖ್ಯ ಮನೆಗೆ ರಕ್ಷಣೆ. ಆ ಸಾಲಕ್ಕೇ ಅಡ ಇಟ್ಟಿದ್ದರೆ ಮಾತ್ರ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಹೋಮ್‌ಸ್ಟೆಡ್ ಕಾನೂನು ಅಂತಾರೆ. ಟೆಕ್ಸಾಸ್ ಸ್ವತಂತ್ರ ದೇಶವಾಗಿದ್ದಾಗಲೇ, 1839ರಲ್ಲಿ, ಇದನ್ನ ತಂದಿತು. ಇವತ್ತು ಡಲ್ಲಾಸ್‌ನಲ್ಲಿ ಮನೆ ಕಟ್ಟಿರೋ ನಮ್ಮ ಕನ್ನಡದ ಹುಡುಗನ ಬಿಸಿನೆಸ್ ಮುಳುಗಿದರೂ, ಕ್ರೆಡಿಟ್ ಕಾರ್ಡಿನವರು ಅವನ ವಾಸದ ಮನೆ ಮುಟ್ಟೋದು ಕಷ್ಟ. ಅಲ್ಲಿ ಪಟ್ಟಣದ ಮನೆಗೆ 10 ಎಕರೆವರೆಗೆ ರಕ್ಷಣೆ, ಮನೆಯ ಬೆಲೆ ಎಷ್ಟಾದರೂ ಸರಿ. ಆದರೆ ಮನೆ ಕೊಳ್ಳೋಕೆ ಮಾಡಿದ ಸಾಲ, ಮನೆ ತೆರಿಗೆ ಕಟ್ಟದಿದ್ದರೆ ಅಲ್ಲೂ ಮನೆ ಹೋಗುತ್ತೆ.

ನಮ್ಮ ದೇಶದವರು ಇದನ್ನ ಯೋಚನೆ ಮಾಡೇ ಇಲ್ಲ ಅಂತಲೂ ಅಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಅಡಮಾನ ಇಲ್ಲದ ಒಂದು ವಾಸದ ಮನೆಯನ್ನ ಹೊರಗಿಡಬೇಕು ಅಂತ ಇದೆ. ಆದ್ರೆ ವ್ಯಕ್ತಿಗಳ ದಿವಾಳಿಯ ಆ ಭಾಗ 2019ರ ಡಿಸೆಂಬರ್‌ನಿಂದ ಜಾರಿಗೆ ಬಂದಿರೋದು ಕಂಪನಿ ಸಾಲಕ್ಕೆ ವೈಯಕ್ತಿಕ ಗ್ಯಾರಂಟಿ ಕೊಟ್ಟವರಿಗೆ ಮಾತ್ರ. ಅದರಲ್ಲೂ ಮಿತಿ ನೋಡಿ: ನಗರದಲ್ಲಿ 20 ಲಕ್ಷ ರೂಪಾಯಿ, ಹಳ್ಳಿಯಲ್ಲಿ 10 ಲಕ್ಷ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ 20 ಲಕ್ಷಕ್ಕೆ ಮನೆ ಹುಡುಕಿಕೊಡಿ ನೋಡೋಣ! ಕಿರಾಣಿ ಅಂಗಡಿಯವನಿಗೆ ಆ ಬಾಗಿಲೂ ತೆರೆದಿಲ್ಲ.

ಇನ್ನು ಹಳ್ಳಿಗಳಲ್ಲಿ ಹೆಚ್ಚು ಕಣ್ಣೀರು ಹಾಕಿಸಿದ ವಿಷಯ, ಮೈಕ್ರೋಫೈನಾನ್ಸ್. 2025ರ ಆರಂಭದಲ್ಲಿ ಕರ್ನಾಟಕದ ಮನೆ ಗೋಡೆಗಳ ಮೇಲೆ 'ಈ ಮನೆ ಅಡಮಾನದಲ್ಲಿದೆ' ಅಂತ ಬಣ್ಣದಲ್ಲಿ ಬರೆದ ದೃಶ್ಯಗಳನ್ನ ನೀವೇ ಟಿವಿಯಲ್ಲಿ ನೋಡಿದ್ದೀರಿ. ಒಂದು ವಿಷಯ ತಿಳ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಮೈಕ್ರೋಫೈನಾನ್ಸ್ ಸಾಲ ಅಂದ್ರೇನೇ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಕುಟುಂಬಕ್ಕೆ ಏನೂ ಅಡ ಇಟ್ಕೊಳ್ಳದೆ ಕೊಡೋ ಸಾಲ. ಅಡ ಇಲ್ಲದ ಸಾಲಕ್ಕೆ ಮನೆಗೆ ಬೀಗ ಹಾಕ್ತೀನಿ ಅನ್ನೋಕೆ ಏಜೆಂಟನಿಗೆ ಯಾವ ಹಕ್ಕಿದೆ? ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡೋ ಹಾಗೂ ಇಲ್ಲ. 2025ರ ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹಾಗಂತ ಸಾಲ ಮನ್ನಾ ಆಯ್ತು ಅಂತ ಅರ್ಥ ಅಲ್ಲ. ಲೈಸೆನ್ಸ್ ಇರೋ ಸಂಸ್ಥೆಗೆ ಕೊಡಬೇಕಾದ್ದನ್ನ ಕೊಡಲೇಬೇಕು. ಕೇಳೋ ರೀತಿಯಲ್ಲಿ ಕೇಳಬೇಕು, ಅಷ್ಟೇ.

ಹಾಗಾದ್ರೆ ನಾವು ಮಾಡಬೇಕಾದ್ದೇನು?

ಮನೆ ಪತ್ರವನ್ನ ಸಣ್ಣ ಸಾಲಕ್ಕೆ ಕೊಡಬೇಡಿ. ಮದುವೆಗೆ, ಗೃಹಪ್ರವೇಶಕ್ಕೆ, ಬೈಕಿಗೆ ಅಂತ ಮನೆ ಅಡ ಇಟ್ಟರೆ ಕಾನೂನು ಕೊಟ್ಟ ರಕ್ಷಣೆಯನ್ನ ನೀವೇ ಕಳ್ಕೊಂಡಿರಿ. ಜಾಮೀನು ಹಾಕೋ ಮುಂಚೆ 'ಈ ಸಾಲ ನಾನೇ ತೀರಿಸಬೇಕಾಗಿ ಬಂದ್ರೆ?' ಅಂತ ಒಂದು ರಾತ್ರಿ ಯೋಚನೆ ಮಾಡಿ. ಅಡಮಾನದ ಸಾಲ ತೀರಿತಾ, ಪತ್ರ ವಾಪಸ್ ತಗೊಳ್ಳಿ. 2023ರ ಡಿಸೆಂಬರ್‌ನಿಂದ 30 ದಿನದಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸಾಲಗಾರರಿಂದ ತಪ್ಪಿಸ್ಕೊಳ್ಳೋಕೆ ರಾತ್ರೋರಾತ್ರಿ ಮನೆಯನ್ನ ಹೆಂಡತಿ ಹೆಸರಿಗೆ, ಭಾವಮೈದುನನ ಹೆಸರಿಗೆ ಮಾಡೋದು ಬೇಡ. ಅಂಥ ವರ್ಗಾವಣೆಯನ್ನ ಕೋರ್ಟ್ ರದ್ದು ಮಾಡಬಹುದು. ನೋಟಿಸ್ ಬಂದ್ರೆ ದೇವರ ಫೋಟೋ ಹಿಂದೆ ಇಡಬೇಡಿ. ಅದರ ಮೇಲೆ ಬಂದ ತಾರೀಕು ಬರೆದು, ಅದೇ ವಾರ ವಕೀಲರ ಹತ್ರ ಹೋಗಿ. ವಕೀಲರಿಗೆ ಕೊಡೋಕೆ ದುಡ್ಡಿಲ್ವಾ? ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಆ ನೆರವು ಸಿಗುತ್ತೆ.

ಸರ್ಕಾರಕ್ಕೂ ಒಂದು ಮಾತು. ಸಿವಿಲ್ ಪ್ರಕ್ರಿಯೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ತಿದ್ದುಪಡಿ ತರಬಹುದು, ರಾಷ್ಟ್ರಪತಿ ಅಂಕಿತ ಬೇಕು. ಪಂಜಾಬಿನಲ್ಲಿ ಇರೋದು ಕರ್ನಾಟಕಕ್ಕೆ ಯಾಕೆ ಬೇಡ? 'ಹಾಗೆ ಮಾಡಿದ್ರೆ ಸಾಮಾನ್ಯರಿಗೆ ಯಾರೂ ಸಾಲ ಕೊಡಲ್ಲ' ಅನ್ನೋರಿದ್ದಾರೆ. ಅದು ತಳ್ಳಿಹಾಕೋ ಮಾತಲ್ಲ. ಕೈಸಾಲ ಕೊಟ್ಟವನಿಗೂ ಸಂಸಾರ ಇರುತ್ತೆ. ಅದಕ್ಕೇ ಒಂದೇ ಮನೆ, ತಾನೇ ವಾಸ ಇರೋ ಮನೆ, ಬೆಲೆಗೊಂದು ನ್ಯಾಯವಾದ ಮಿತಿ ಇಡಿ. ಬಂಗಲೆ ಕಟ್ಟಿಕೊಂಡು ಊರಿಗೆಲ್ಲಾ ಟೋಪಿ ಹಾಕಿದವನನ್ನ ಕಾಪಾಡಿ ಅಂತ ಯಾರೂ ಕೇಳ್ತಿಲ್ಲ. ಅಂಗಡಿ ಮುಳುಗಿದವನ ಮಕ್ಕಳು ಬೀದಿಗೆ ಬರಬಾರದು ಅಂತ ಕೇಳ್ತಿದ್ದೀವಿ.

ನಂದಿಗುಡಿಯ ಆ ಅಮ್ಮ ಫೋನ್ ಇಡೋ ಮುಂಚೆ ಕೇಳಿದರು: 'ಹಂಗಾದ್ರೆ ಸಾಲ ಕೊಡಂಗಿಲ್ಲ ಅಂತೀಯಾ ತಮ್ಮಾ?' 'ಹಾಗಲ್ಲಮ್ಮ. ಸಾಲ ಇದ್ದೇ ಇರುತ್ತೆ. ಗದ್ದೆ ಮೇಲೆ ಬರಬಹುದು, ಕೋರ್ಟಿಗೆ ಹೇಳಿ ಕಂತು ಕೇಳಿ. ಮನೆಯನ್ನ ಮಾತ್ರ ಮುಟ್ಟೋ ಹಾಗಿಲ್ಲ ಅಂತಿದ್ದೀನಿ' ಅಂದೆ. 'ಕೊಡ್ತೀವಪ್ಪ. ಇರೋಕೊಂದು ಮನೆ ಇದ್ರೆ ದುಡಿದು ಕೊಡ್ತೀವಿ' ಅಂದರು.

ಈ ಕಾನೂನಿನ ಅರ್ಥವೂ ಅದೇ. ಮಲಗೋಕೆ ಜಾಗ ಇದ್ದವನು ನಾಳೆ ದುಡಿದಾನು, ಸಾಲ ತೀರಿಸಿಯಾನು. ಬೀದಿಗೆ ಬಿದ್ದವನಿಂದ ಸಾಲ ಕೊಟ್ಟವನಿಗೂ ಏನೂ ಬರಲ್ಲ. ಇವತ್ತು ರಾತ್ರಿ ಮಲಗೋ ಮುಂಚೆ ನಿಮ್ಮ ಮನೆ ಪತ್ರ ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ನಮಸ್ಕಾರ.